ಪ್ರಾರ್ಥನಾ ಮಂದಿರಗಳ ಹೊಣೆ ಹೊತ್ತವರಿಗೆ ಒಂದು ಬಹಿರಂಗ ಪತ್ರ: ಹೇಳುವವರ ಜೊತೆಗೆ ಕೇಳುವವರೂ ಇರಲಿ

ಮಾನ್ಯರೇ,

ಯಾವ ಮತದ, ಯಾವ ಪಂಥದ ಮಂದಿರವೇ ಆಗಿರಲಿ, ಅದರ ಬಾಗಿಲು ತೆಗೆಯುವ, ಪೂಜೆ ಪ್ರಾರ್ಥನೆಗಳನ್ನು ನಡೆಸುವ, ಹಣಕಾಸು ನೋಡಿಕೊಳ್ಳುವ, ಪ್ರವಚನಕ್ಕೆ ಯಾರನ್ನು ಕರೆಯಬೇಕೆಂದು ತೀರ್ಮಾನಿಸುವ ನಿಮ್ಮೆಲ್ಲರನ್ನೂ ಉದ್ದೇಶಿಸಿ ಈ ಪತ್ರ ಬರೆಯುತ್ತಿದ್ದೇನೆ. ದೇವರಿದ್ದಾನೋ ಇಲ್ಲವೋ ಎಂಬ ಚರ್ಚೆ ಇದರಲ್ಲಿಲ್ಲ. ಯಾರ ದೇವರು ದೊಡ್ಡವನೆಂಬ ಮಾತಂತೂ ಇಲ್ಲವೇ ಇಲ್ಲ. ನನ್ನ ಕೋರಿಕೆ ಒಂದೇ. ಕಷ್ಟದಲ್ಲಿರುವವರು ನಿಮ್ಮ ಆವರಣಕ್ಕೆ ಬಂದಾಗ, ಅವಸರವಿಲ್ಲದೆ ಎದುರು ಕುಳಿತು ಅವರ ಮಾತು ಕೇಳುವವರು ಒಬ್ಬರಾದರೂ ಅಲ್ಲಿರುವಂತೆ ನೋಡಿಕೊಳ್ಳಿ. ಅದನ್ನು ಯಾರದೋ ಒಳ್ಳೆಯತನಕ್ಕೆ ಬಿಡದೆ, ನಿತ್ಯದ ಪ್ರಾರ್ಥನೆಗೆ ಗೊತ್ತುಮಾಡಿರುವಂತೆಯೇ ಅದಕ್ಕೂ ವೇಳೆಯನ್ನು, ಜಾಗವನ್ನು, ಜನರನ್ನು ಗೊತ್ತುಮಾಡಿ.

ಇದನ್ನು ಈಗಲೇ ಕೇಳಲು ಕಾರಣಗಳಿವೆ. ಯುದ್ಧ, ಹಿಂಸೆ, ಕಿರುಕುಳಗಳಿಂದಾಗಿ ಮನೆಮಠ ಬಿಟ್ಟು ಹೊರಡಬೇಕಾಗಿ ಬಂದವರ ಸಂಖ್ಯೆ 2024ರ ಕೊನೆಗೆ 12 ಕೋಟಿಯನ್ನು ದಾಟಿತ್ತೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಲೆಕ್ಕ ಕೊಟ್ಟಿದೆ. ಕೋವಿಡ್ ಬಂದ ಮೊದಲ ವರ್ಷದಲ್ಲೇ ಆತಂಕ ಮತ್ತು ಖಿನ್ನತೆಯ ಪ್ರಮಾಣ ಜಗತ್ತಿನಾದ್ಯಂತ ಶೇ 25ರಷ್ಟು ಏರಿತೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ತಿಳಿಸಿತು. ವರ್ಷಕ್ಕೆ 7 ಲಕ್ಷಕ್ಕೂ ಹೆಚ್ಚು ಜನ ಆತ್ಮಹತ್ಯೆಯಿಂದ ಸಾಯುತ್ತಿದ್ದಾರೆ. ಬ್ರಿಟನ್ 2018ರಲ್ಲಿ, ಜಪಾನ್ 2021ರಲ್ಲಿ ಒಂಟಿತನದ ಸಮಸ್ಯೆಯನ್ನು ನೋಡಿಕೊಳ್ಳಲೆಂದೇ ಒಬ್ಬೊಬ್ಬ ಮಂತ್ರಿಗೆ ಹೊಣೆ ವಹಿಸಿದವು. ಒಂಟಿತನಕ್ಕೂ ಒಬ್ಬ ಮಂತ್ರಿಯೇ ಎಂದು ನಗು ಬರಬಹುದು. ಆದರೆ 148 ಅಧ್ಯಯನಗಳನ್ನು, ಅವುಗಳಲ್ಲಿದ್ದ 3 ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2010ರಲ್ಲಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಅವರ ಸಹೋದ್ಯೋಗಿಗಳು ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ಬಂಧುಬಳಗದ, ಸ್ನೇಹಿತರ ನಂಟು ಗಟ್ಟಿಯಾಗಿದ್ದವರು ಬದುಕುಳಿಯುವ ಸಾಧ್ಯತೆ ಅಂಥ ನಂಟು ದುರ್ಬಲವಾಗಿದ್ದವರಿಗಿಂತ ಶೇ 50ರಷ್ಟು ಹೆಚ್ಚೆಂದು ಕಂಡುಬಂದಿತ್ತು. ಜೊತೆಗೊಬ್ಬರು ಇರುವುದು, ಇಲ್ಲದಿರುವುದು ಆಯುಷ್ಯದ ಮಾತೇ ಹೌದು.

ಇಂಥ ಜನ ಎಲ್ಲಿಗೆ ಹೋಗಬೇಕು? ಆಸ್ಪತ್ರೆಯಲ್ಲಿ ವೈದ್ಯರಿಗೆ ಒಬ್ಬೊಬ್ಬ ರೋಗಿಗೆ ಕೊಡಲು ಕೆಲವೇ ನಿಮಿಷ ಸಿಗುತ್ತದೆ. ಕಚೇರಿಗಳ ಅರ್ಜಿ ನಮೂನೆಯಲ್ಲಿ ದುಃಖಕ್ಕೆ ಕಾಲಂ ಇರುವುದಿಲ್ಲ. ನಿಮ್ಮಲ್ಲಾದರೆ ಕಟ್ಟಡವಿದೆ, ವಾರದ ಬಹುಪಾಲು ದಿನ ಖಾಲಿ ಬೀಳುವ ಕೋಣೆಗಳಿವೆ, ಕೆಲಸ ಹೇಳಿದರೆ ಸಂತೋಷದಿಂದ ಮಾಡುವ ಭಕ್ತರಿದ್ದಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಗುರುತಿನ ಚೀಟಿ ತೋರಿಸದೆ, ಹಣ ಕಟ್ಟದೆ, ಕಾರಣ ಹೇಳದೆ ಒಳಗೆ ಬಂದು ಒಂದು ಮೂಲೆಯಲ್ಲಿ ಕುಳಿತುಕೊಳ್ಳಬಹುದೆಂಬ ವಿಶ್ವಾಸ ಜನರಲ್ಲಿದೆ. (ಎಲ್ಲ ಮಂದಿರಗಳ ಮಟ್ಟಿಗೂ ಇದು ನಿಜವಲ್ಲವೆಂದು ಬಲ್ಲೆ. ಆ ಮಾತು ಆಮೇಲೆ.) ಹಾಗೆ ಬಂದು ಕುಳಿತವರಿಗೆ ಪ್ರವಚನ ಕೇಳಲು ಸಿಗುತ್ತದೆ, ಆಶೀರ್ವಾದ ಸಿಗುತ್ತದೆ. ತಮ್ಮ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವವರು ಸಿಗುವುದು ಅಪರೂಪ.

ಇದಕ್ಕೆ ಧರ್ಮದಲ್ಲಿ ಕರುಣೆ ಕಡಿಮೆಯಾದದ್ದು ಕಾರಣವೆಂದು ನಾನು ಭಾವಿಸುವುದಿಲ್ಲ. ಕಡಿಮೆಯಾಗಿರುವುದು ಬಿಡುವು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನಃಶಾಸ್ತ್ರಜ್ಞರು ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಧರ್ಮಶಾಸ್ತ್ರ ಓದುತ್ತಿದ್ದ 40 ವಿದ್ಯಾರ್ಥಿಗಳಿಗೆ, ಪಕ್ಕದ ಕಟ್ಟಡಕ್ಕೆ ಹೋಗಿ ಒಂದು ಚಿಕ್ಕ ಭಾಷಣ ಮಾಡಬೇಕೆಂದು ಅವರು ಹೇಳಿದರು. ಕೆಲವರಿಗೆ ಕೊಟ್ಟ ವಿಷಯ, ಓದು ಮುಗಿದ ಮೇಲೆ ಸಿಗಬಹುದಾದ ಉದ್ಯೋಗಗಳು. ಉಳಿದವರಿಗೆ ಕೊಟ್ಟದ್ದು ಸಮಾರ್ಯದವನ ಕತೆ, ಅಂದರೆ ಪೆಟ್ಟು ತಿಂದು ದಾರಿಯಲ್ಲಿ ಬಿದ್ದವನನ್ನು ಪುರೋಹಿತನೇ ನೋಡಿಯೂ ನೋಡದಂತೆ ದಾಟಿಹೋದಾಗ, ಪರಜನಾಂಗದವನೊಬ್ಬ ನಿಂತು ಎತ್ತಿ ಉಪಚರಿಸಿದ ಬೈಬಲ್ಲಿನ ದೃಷ್ಟಾಂತ. ಹೊರಡುವಾಗ ಕೆಲವರಿಗೆ ಇನ್ನೂ ಸಮಯವಿದೆಯೆಂದರು, ಕೆಲವರಿಗೆ ಈಗ ಹೊರಟರೆ ಸರಿಯಾಗುತ್ತದೆಯೆಂದರು, ಇನ್ನು ಕೆಲವರಿಗೆ ಆಗಲೇ ತಡವಾಗಿದೆ, ಬೇಗ ಹೋಗಿ ಎಂದರು. ದಾರಿಯ ನಡುವೆ ಒಬ್ಬ ಬಾಗಿಲ ಬಳಿ ಕುಸಿದು ಕುಳಿತು ಕೆಮ್ಮುತ್ತ ನರಳುತ್ತಿದ್ದ; ಅವನನ್ನು ಅಲ್ಲಿ ಕೂರಿಸಿದ್ದವರೂ ಪ್ರಯೋಗ ನಡೆಸುತ್ತಿದ್ದವರೇ. ಸಮಯವಿದ್ದವರಲ್ಲಿ ಶೇ 63ರಷ್ಟು ಮಂದಿ ಯಾವುದಾದರೊಂದು ರೀತಿಯಲ್ಲಿ ನೆರವಾದರು. ಸ್ವಲ್ಪ ಆತುರದಲ್ಲಿದ್ದವರಲ್ಲಿ ಶೇ 45, ತೀರಾ ತಡವಾಗಿದೆಯೆಂದು ಹೊರಟವರಲ್ಲಿ ಶೇ 10. ಸಮಾರ್ಯದವನ ಕತೆಯನ್ನೇ ತಲೆಯಲ್ಲಿಟ್ಟುಕೊಂಡು ಹೊರಟಿದ್ದವರು ಉಳಿದವರಿಗಿಂತ ಹೆಚ್ಚು ಕರುಣೆ ತೋರಿದರೆನ್ನಲು ತಕ್ಕಷ್ಟು ವ್ಯತ್ಯಾಸ ಕಾಣಲಿಲ್ಲ.

ನಲವತ್ತು ಜನರ ಮೇಲೆ ನಡೆದ ಒಂದು ಪ್ರಯೋಗದಿಂದ ಇಡೀ ಮನುಷ್ಯ ಸ್ವಭಾವವನ್ನು ಅಳೆಯಲಾಗದು ನಿಜ. ಆದರೂ ಅದನ್ನು ಓದಿದಾಗೆಲ್ಲ ನಮ್ಮ ಮಂದಿರಗಳ ದಿನಚರಿ ನೆನಪಾಗುತ್ತದೆ. ಒಂದು ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಇನ್ನೊಂದು, ಒಂದು ಸಾಲು ಕರಗುವಷ್ಟರಲ್ಲಿ ಮತ್ತೊಂದು ಸಾಲು, ಅತಿಥಿಗಳ ಸ್ವಾಗತ, ಲೆಕ್ಕಪತ್ರ, ದುರಸ್ತಿ, ವಾರ್ಷಿಕೋತ್ಸವ. ಕರುಣೆಯ ಬಗ್ಗೆ ಬಹಳ ಚೆನ್ನಾಗಿ ಮಾತನಾಡಬಲ್ಲವರೇ ಕರುಣೆಗೆ ಅತ್ಯಂತ ಕಡಿಮೆ ಬಿಡುವುಳ್ಳವರಾಗಿರುತ್ತಾರೆ. ಇದು ಅವರ ಶೀಲದ ಮಾತಲ್ಲ, ವೇಳಾಪಟ್ಟಿಯ ಮಾತು. ಆದ್ದರಿಂದಲೇ ಸರಿಪಡಿಸಲು ಸಾಧ್ಯವಿರುವ ಮಾತು.

ಬಿಡುವಿಲ್ಲದಿದ್ದಾಗ ಇನ್ನೊಂದು ಕೆಡುಕೂ ಆಗುತ್ತದೆ. ಕೇಳಲು ಪುರುಸೊತ್ತಿಲ್ಲದವರು ಕಾರಣ ಹೇಳಿ ಕಳಿಸುತ್ತಾರೆ. ಮಗುವನ್ನು ಕಳೆದುಕೊಂಡ ತಾಯಿಗೆ ಇದು ಹಿಂದಿನ ಕರ್ಮವೆಂದೋ, ದೇವರ ಪರೀಕ್ಷೆಯೆಂದೋ, ಹರಕೆ ತೀರಿಸದ ಫಲವೆಂದೋ, ನಂಬಿಕೆ ಸಾಲದೆಂದೋ ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಹೇಳಿದವರು ಸಮಾಧಾನ ಮಾಡಿದೆವೆಂದು ತಿಳಿದು ಮುಂದಿನ ಕೆಲಸಕ್ಕೆ ಹೋಗುತ್ತಾರೆ. ಕೇಳಿದವರು ಮನೆಗೆ ಹೊತ್ತೊಯ್ಯುವುದು, ಇದ್ದ ದುಃಖದ ಜೊತೆಗೆ ಒಂದು ಅಪರಾಧ ಭಾವವನ್ನೂ.

ಈ ಚಾಳಿ ಎಷ್ಟು ಹಳೆಯದೆಂಬುದಕ್ಕೆ ಬೈಬಲ್ಲಿನ ಯೋಬನ ಕತೆಯೇ ಸಾಕ್ಷಿ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನನ್ನು ನೋಡಲು ಮೂವರು ಗೆಳೆಯರು ಬರುತ್ತಾರೆ. ಅವನ ಸಂಕಟ ಕಂಡು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತುಕೊಳ್ಳುತ್ತಾರೆ. ಒಬ್ಬರೂ ಒಂದು ಮಾತೂ ಆಡುವುದಿಲ್ಲ. ಅವರು ಮಾಡಿದ ಒಳ್ಳೆಯ ಕೆಲಸ ಅಷ್ಟೇ. ಅಲ್ಲಿಂದ ಮುಂದೆ ಬಾಯಿ ತೆರೆದವರು, ನೀನು ಏನೋ ಪಾಪ ಮಾಡಿರಲೇಬೇಕು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಅಧ್ಯಾಯಗಟ್ಟಲೆ ವಾದಿಸುತ್ತಾರೆ. ಕೊನೆಗೆ ದೇವರ ಸಿಟ್ಟು ತಿರುಗುವುದು, ದೇವರೊಡನೆಯೇ ಜಗಳವಾಡಿದ ಯೋಬನ ಮೇಲಲ್ಲ. ದೇವರ ಪರವಾಗಿ ವಕಾಲತ್ತು ವಹಿಸಿದ ಆ ಗೆಳೆಯರ ಮೇಲೆ.

ಇದು ಬರೀ ಪುರಾಣದ ನೀತಿಯೆಂದು ಬಿಡುವಂತಿಲ್ಲ. ಧರ್ಮ ಮತ್ತು ಮನಸ್ಸಿನ ಸಂಬಂಧವನ್ನು ದೀರ್ಘಕಾಲ ಅಧ್ಯಯನ ಮಾಡಿದ ಕೆನೆತ್ ಪಾರ್ಗಮೆಂಟ್ ಮತ್ತು ಸಂಗಡಿಗರು, ಆಸ್ಪತ್ರೆಗೆ ಸೇರಿದ್ದ 55 ವರ್ಷ ಮೀರಿದ ಸುಮಾರು 600 ರೋಗಿಗಳನ್ನು ಎರಡು ವರ್ಷ ಗಮನಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಿದರು. ದೇವರು ನನ್ನನ್ನು ಕೈಬಿಟ್ಟನೇನೋ, ದೇವರಿಗೆ ನನ್ನ ಮೇಲೆ ಪ್ರೀತಿಯಿಲ್ಲವೇನೋ ಎಂದು ಒಳಗೊಳಗೇ ಕೊರಗುತ್ತಿದ್ದವರಲ್ಲಿ, ಕಾಯಿಲೆಯ ತೀವ್ರತೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಸಾವಿನ ಅಪಾಯ ಹೆಚ್ಚಿತ್ತು. ಕೊರಗೇ ಕೊಂದಿತೆಂದು ಇದರಿಂದ ಸಾಧಿಸಲಾಗದು. ಆದರೆ ನಂಬಿಕೆ ಕೆಲವರಿಗೆ ಊರುಗೋಲಾಗುವಂತೆ ಇನ್ನು ಕೆಲವರಿಗೆ ಗಾಯವೂ ಆಗಬಲ್ಲದು, ಮತ್ತು ಆ ಗಾಯವನ್ನು ಕೆದಕುವ ಅಥವಾ ಆರಿಸುವ ಜಾಗದಲ್ಲಿ ನೀವಿದ್ದೀರಿ. ದೇವರ ಮೇಲೆ ಸಿಟ್ಟಾಗಿರುವವರು, ಪ್ರಾರ್ಥನೆ ಬಿಟ್ಟವರು, ಇನ್ನು ನಂಬಲಾರೆ ಎನ್ನುವವರು ಬಂದರೆ ಅವರನ್ನು ತಿದ್ದಲು ಹೋಗಬೇಡಿ. ಅವರು ಅಷ್ಟಾದರೂ ನಿಮ್ಮ ಬಳಿ ಬಂದಿದ್ದಾರೆ.

ಕೇಳಿಸಿಕೊಳ್ಳುವುದಕ್ಕೆ ದೊಡ್ಡ ವಿದ್ವಾಂಸರೇ ಬೇಕೆಂಬ ಅಂಜಿಕೆಯೂ ಬೇಡ. ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರೂಕ್ ಚರ್ಚಿನ ಪಾದ್ರಿ ಚಾಡ್ ವಾರಾ ಅವರು ಬದುಕು ಸಾಕೆನಿಸಿದವರಿಗಾಗಿ 1953ರ ನವೆಂಬರ್‌ನಲ್ಲಿ ಒಂದು ದೂರವಾಣಿ ಸೇವೆ ಆರಂಭಿಸಿದರು. ಜನ ನೇರವಾಗಿಯೂ ಬರತೊಡಗಿದರು. ಸಲಹೆ ಕೊಡಬೇಕಾದವರು ವಾರಾ ಅವರೇ. ಕಾಯುತ್ತಿದ್ದವರಿಗೆ ಚಹಾ ಕೊಟ್ಟು ಕೂರಿಸಲು ಕೆಲವು ಸ್ವಯಂಸೇವಕರಿದ್ದರು. ಸ್ವಲ್ಪ ಕಾಲದಲ್ಲೇ ವಾರಾ ಅವರಿಗೆ ಒಂದು ಸಂಗತಿ ಹೊಳೆಯಿತು. ಬಂದವರಲ್ಲಿ ಅನೇಕರು ಆ ಸ್ವಯಂಸೇವಕರ ಬಳಿ ಮಾತಾಡಿ ಹಗುರಾಗಿ, ತಮ್ಮನ್ನು ಕಾಣುವ ಗೋಜಿಗೇ ಹೋಗದೆ ಮರಳುತ್ತಿದ್ದರು. 1954ರಲ್ಲಿ ಅವರು ಕೇಳಿಸಿಕೊಳ್ಳುವ ಕೆಲಸವನ್ನು ಆ ಸ್ವಯಂಸೇವಕರಿಗೇ ವಹಿಸಿದರು. ತನ್ನ ಅಗತ್ಯ ತಾನಂದುಕೊಂಡಷ್ಟಿಲ್ಲವೆಂದು ಒಪ್ಪಿಕೊಂಡು ಪಕ್ಕಕ್ಕೆ ಸರಿದ ಆ ಪಾದ್ರಿಯ ಮೇಲೆ ನನಗೆ ಬಹಳ ಗೌರವ. ಸಮಾರಿಟನ್ಸ್ ಎಂಬ ಹೆಸರಿನ ಆ ಸಂಸ್ಥೆ ಇಂದಿಗೂ ನಡೆಯುತ್ತಿದೆ. ಚರ್ಚಿನಲ್ಲಿ ಹುಟ್ಟಿದ್ದರೂ ಅಲ್ಲಿ ಕರೆ ಸ್ವೀಕರಿಸುವವರು ಯಾರಿಗೂ ಮತವನ್ನು ಬೋಧಿಸುವುದಿಲ್ಲ.

ಜಿಂಬಾಬ್ವೆಯ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು 2006ರಲ್ಲಿ ಹರಾರೆಯಲ್ಲಿ ಆರಂಭಿಸಿದ ‘ಫ್ರೆಂಡ್‌ಶಿಪ್ ಬೆಂಚ್’ ಇನ್ನೂ ಸರಳ. ಆರೋಗ್ಯ ಕೇಂದ್ರದ ಹೊರಗೆ ಒಂದು ಮರದ ಬೆಂಚು, ಅದರ ಮೇಲೆ ತರಬೇತಿ ಪಡೆದ ಒಬ್ಬ ಅಜ್ಜಿ. ಅಲ್ಲಿ ಕುಳಿತು ಮಾತಾಡಿದವರಲ್ಲಿ ಆರು ತಿಂಗಳ ನಂತರ ಖಿನ್ನತೆ, ಆತಂಕದ ಲಕ್ಷಣಗಳು ಮಾಮೂಲಿ ಆರೈಕೆ ಪಡೆದವರಿಗಿಂತ ಕಡಿಮೆಯಿದ್ದವೆಂದು 2016ರಲ್ಲಿ ಪ್ರಕಟವಾದ ವೈದ್ಯಕೀಯ ಪ್ರಯೋಗ ತೋರಿಸಿತು. ನಿಮ್ಮ ಆವರಣದಲ್ಲಿ ಬೆಂಚುಗಳಿಗೂ ಕೊರತೆಯಿಲ್ಲ, ಅಜ್ಜಿಯರಿಗೂ ಕೊರತೆಯಿಲ್ಲ.

ಆದರೆ ತರಬೇತಿ ಎಂಬ ಮಾತನ್ನು ಮರೆಯಬಾರದು. ಮನಸ್ಸು ಒಳ್ಳೆಯದಿದ್ದ ಮಾತ್ರಕ್ಕೆ ಕೇಳಲು ಬಂದುಬಿಡುವುದಿಲ್ಲ. ಒಳ್ಳೆಯ ಮನಸ್ಸಿನವರೇ ಎಲ್ಲರಿಗಿಂತ ಮೊದಲು ಬುದ್ಧಿ ಹೇಳಲು ಹೊರಡುತ್ತಾರೆ. ದುರಂತಗಳಲ್ಲಿ ನೊಂದವರಿಗೆ ನೆರವಾಗುವ ಕಾರ್ಯಕರ್ತರಿಗೆಂದು ವಿಶ್ವ ಆರೋಗ್ಯ ಸಂಸ್ಥೆ ಇತರ ಸಂಸ್ಥೆಗಳೊಡನೆ ಸೇರಿ 2011ರಲ್ಲಿ ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ಬಹಳ ಸರಳವಾದ ಕ್ರಮ. ಮೊದಲು ಪರಿಸ್ಥಿತಿಯನ್ನೂ ಎದುರಿಗಿರುವವರಿಗೆ ತುರ್ತಾಗಿ ಬೇಕಾದದ್ದನ್ನೂ ಗಮನಿಸಬೇಕು, ಆಮೇಲೆ ಅವರ ಮಾತು ಕೇಳಬೇಕು, ಆಮೇಲೆ ಅವರಿಗೆ ಬೇಕಾದ ಜನರ, ಸೇವೆಯ ಸಂಪರ್ಕ ಮಾಡಿಕೊಡಬೇಕು. ಆಗಿದ್ದನ್ನೆಲ್ಲ ಬಿಡಿಸಿ ಹೇಳೆಂದು ಯಾರನ್ನೂ ಒತ್ತಾಯಿಸಬಾರದೆಂದೂ ಅದು ಎಚ್ಚರಿಸುತ್ತದೆ. ಅತ್ತುಬಿಟ್ಟರೆ ಎಲ್ಲ ಸರಿಹೋಗುತ್ತದೆಂದು ಜನರನ್ನು ಬಲವಂತವಾಗಿ ಅಳಿಸುವವರು ಎಲ್ಲ ಕಡೆಯೂ ಇದ್ದಾರೆ. ದಯವಿಟ್ಟು ಅಂಥವರನ್ನು ಈ ಕೆಲಸಕ್ಕೆ ಹಾಕಬೇಡಿ.

ಕೇಳಲು ಕೂರುವವರು ತಮ್ಮ ಎಲ್ಲೆಯನ್ನೂ ತಿಳಿದಿರಬೇಕು. ಎದುರಿಗಿರುವವರ ಮಾತಿನಲ್ಲಿ ಸಾಯುವ ಯೋಚನೆಯ ಸುಳಿವು ಸಿಕ್ಕರೆ, ಹಾಗೆ ಅನ್ನಿಸುತ್ತಿದೆಯೇ ಎಂದು ನೇರವಾಗಿ, ಮೆಲುದನಿಯಲ್ಲಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆಂಬ ಭಯಕ್ಕೆ ಆಧಾರವಿಲ್ಲ. ಬಹಳ ಸಲ ಅದನ್ನು ಬಾಯಿಬಿಟ್ಟು ಹೇಳಲು ಸಿಕ್ಕ ಅವಕಾಶವೇ ಅವರಿಗೆ ಮೊದಲ ಆಸರೆ. ಹೌದೆಂದರೆ ಅವರನ್ನು ಒಬ್ಬರೇ ಇರಲು ಬಿಡದೆ, ವೈದ್ಯರ, ಸಹಾಯವಾಣಿಯ, ನಂಬಿಕಸ್ಥ ಬಂಧುಗಳ ಸಂಪರ್ಕಕ್ಕೆ ಅಂದೇ ತರಬೇಕು. ಪ್ರಾರ್ಥನೆಯೊಂದೇ ಸಾಕು, ಮಾತ್ರೆ ಬಿಡಿ ಎಂದು ಯಾರೂ ಯಾವತ್ತೂ ಹೇಳಕೂಡದು. ಮನೆಯಲ್ಲಿ ಹೊಡೆತ ತಿನ್ನುತ್ತಿರುವವರಿಗೆ ತಾಳ್ಮೆಯ ಮಹಿಮೆಯನ್ನು ಬೋಧಿಸಿ ಅದೇ ಮನೆಗೆ ಕಳಿಸುವುದು ಕರುಣೆಯಲ್ಲ. ಅದರಿಂದ ಪ್ರಾಣವೇ ಹೋಗಬಹುದು. ಹೇಳಿದ ಮಾತು ಕೋಣೆಯಿಂದ ಆಚೆ ಹೋಗಬಾರದು ನಿಜ, ಆದರೆ ಮಗುವೊಂದಕ್ಕೆ ದೌರ್ಜನ್ಯವಾಗುತ್ತಿದೆಯೆಂದು ತಿಳಿದಾಗ ಗುಟ್ಟು ಕಾಪಾಡುವುದು ಧರ್ಮವಲ್ಲ. ಧಾರ್ಮಿಕ ಸಂಸ್ಥೆಗಳ ಒಳಗೇ ಇಂಥ ದೌರ್ಜನ್ಯಗಳು ನಡೆದು, ಹೆಸರು ಕೆಡುತ್ತದೆಂದು ದಶಕಗಳ ಕಾಲ ಮುಚ್ಚಿಟ್ಟದ್ದು ಹಲವು ದೇಶಗಳಲ್ಲಿ ಅಧಿಕೃತ ವಿಚಾರಣೆಗಳಿಂದ ಹೊರಬಿದ್ದಿದೆ. ಆದ್ದರಿಂದ ಆ ಕೋಣೆಯ ಬಾಗಿಲಿಗೆ ಒಳಗೆ ನಡೆಯುವುದು ಹೊರಗಿನವರಿಗೆ ಕಾಣುವಂತೆ ಒಂದು ಗಾಜು ಇರಲಿ, ಮಕ್ಕಳೊಡನೆ ಯಾರೂ ಒಂಟಿಯಾಗಿ ಕೂರದಂತೆ ನಿಯಮವಿರಲಿ, ದೂರು ಕೊಡಲು ನಿಮ್ಮ ಆಡಳಿತಕ್ಕೆ ಸೇರದವರೊಬ್ಬರ ವಿಳಾಸವಿರಲಿ. ನಿಮ್ಮ ಮೇಲಿನ ಅನುಮಾನದಿಂದ ಈ ಮಾತು ಹೇಳುತ್ತಿಲ್ಲ. ನೊಂದವರು ನಂಬಿ ಬರುವ ಜಾಗಕ್ಕೆ ಆ ನಂಬಿಕೆಯನ್ನು ದುರುಪಯೋಗ ಮಾಡುವವರೂ ಹುಡುಕಿಕೊಂಡು ಬರುತ್ತಾರೆ.

ಕ್ಷಮೆಯ ವಿಷಯವನ್ನೂ ಹೇಳಿಬಿಡುತ್ತೇನೆ. 2015ರ ಜೂನ್‌ನಲ್ಲಿ ಅಮೆರಿಕದ ಚಾರ್ಲ್ಸ್‌ಟನ್‌ನ ಇಮ್ಯಾನುಯೆಲ್ ಚರ್ಚಿನಲ್ಲಿ ಬೈಬಲ್ ಅಧ್ಯಯನಕ್ಕೆ ಕುಳಿತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಜನಾಂಗದ್ವೇಷಿಯೊಬ್ಬ ಗುಂಡಿಟ್ಟು ಕೊಂದಾಗ, ಎರಡೇ ದಿನಗಳಲ್ಲಿ ನ್ಯಾಯಾಲಯದಲ್ಲಿ ಸತ್ತವರ ಕೆಲವು ಬಂಧುಗಳು ಅವನಿಗೆ ಕ್ಷಮೆಯ ಮಾತು ಹೇಳಿದರು. ಜಗತ್ತು ಬೆರಗಾಯಿತು. ಎಲ್ಲ ಬಂಧುಗಳೂ ಹಾಗೆ ಹೇಳಲಿಲ್ಲವೆಂಬುದು, ಹೇಳದಿದ್ದವರ ದುಃಖವೂ ಅಷ್ಟೇ ಪವಿತ್ರವೆಂಬುದು ಆ ಬೆರಗಿನಲ್ಲಿ ಮರೆತೇಹೋಯಿತು. ಕ್ಷಮೆ ನೊಂದವರ ಸ್ವತ್ತು. ಅವರಿಗೆ ಅದು ಯಾವಾಗಲಾದರೂ ಬಂದರೆ ಬರಲಿ. ವೇದಿಕೆಯ ಮೇಲಿಂದ ಅದನ್ನು ಅವರಿಂದ ವಸೂಲು ಮಾಡುವ ಹಕ್ಕು ಯಾರಿಗೂ ಇಲ್ಲ.

ಇನ್ನು ಬಾಗಿಲ ಮಾತು. ಯಾರು ಒಳಗೆ ಬರಬಹುದು, ಯಾರು ಬಾರದು ಎಂಬುದಕ್ಕೆ ನಿಮ್ಮಲ್ಲಿ ಕೆಲವರ ಮಂದಿರಗಳಲ್ಲಿ ಹಳೆಯ ಕಟ್ಟುಪಾಡುಗಳಿವೆ. ಅವುಗಳ ಬಗ್ಗೆ ನನ್ನ ಅಭಿಪ್ರಾಯ ಬೇರೆಯೇ ಇದ್ದರೂ ಈ ಪತ್ರದಲ್ಲಿ ಆ ಜಗಳಕ್ಕೆ ಇಳಿಯುವುದಿಲ್ಲ. ಕೇಳುವ ಕೋಣೆಗಾದರೂ ಆ ಕಟ್ಟುಪಾಡು ಬೇಡ. 1859ರ ಜೂನ್‌ನಲ್ಲಿ ಇಟಲಿಯ ಸೊಲ್ಫೆರಿನೊ ಯುದ್ಧ ಮುಗಿದಾಗ ಗಾಯಾಳುಗಳನ್ನು ಪಕ್ಕದ ಕಸ್ತಿಲ್ಯೋನೆ ಊರಿನ ಚರ್ಚುಗಳಲ್ಲಿ ತಂದು ಮಲಗಿಸಿದ್ದರು. ಅಲ್ಲಿಗೆ ಬಂದಿದ್ದ ಸ್ವಿಸ್ ವ್ಯಾಪಾರಿ ಆನ್ರಿ ಡ್ಯೂನಾನ್ ಕಂಡದ್ದು, ಊರಿನ ಹೆಂಗಸರು ತಮ್ಮ ಪಕ್ಷದವರು, ಶತ್ರು ಪಕ್ಷದವರು ಎಂದು ನೋಡದೆ, ಎಲ್ಲರೂ ಸೋದರರೇ ಎನ್ನುತ್ತ ಉಪಚರಿಸುತ್ತಿದ್ದುದನ್ನು. ರೆಡ್‌ಕ್ರಾಸ್ ಹುಟ್ಟಿದ್ದು ಆ ಅನುಭವದಿಂದ. ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟಫರ್ಸ್ ಹಾಸ್ಪಿಸ್, ಅಂದರೆ ಸಾವಿನ ಅಂಚಿನಲ್ಲಿರುವವರ ಆರೈಕೆಯ ಮನೆ ತೆರೆದ ಸಿಸಿಲಿ ಸಾಂಡರ್ಸ್ ಗಾಢ ಕ್ರೈಸ್ತ ಶ್ರದ್ಧೆಯವರು. ಸಾಯುತ್ತಿರುವವರ ನೋವಿನಲ್ಲಿ ದೇಹದ ನೋವಿನ ಜೊತೆಗೆ ಮನಸ್ಸಿನ, ಸಂಬಂಧಗಳ, ಶ್ರದ್ಧೆಯ ನೋವೂ ಸೇರಿರುತ್ತದೆಂದು ವೈದ್ಯಲೋಕಕ್ಕೆ ತೋರಿಸಿಕೊಟ್ಟವರು. ಆದರೂ ಅವರ ಹಾಸ್ಪಿಸ್‌ನಲ್ಲಿ ಬೇರೆ ಮತದವರಿಗೂ, ಯಾವ ಮತವನ್ನೂ ಒಪ್ಪದವರಿಗೂ ಅದೇ ಆರೈಕೆಯಿತ್ತು. ಕಣ್ಣೀರಿನಲ್ಲಿರುವವರನ್ನು ತಮ್ಮ ಮತಕ್ಕೆ ಸೆಳೆದುಕೊಳ್ಳಲು ಇದೇ ಸಮಯವೆಂದು ನೋಡುವುದು ಸಂಕಟದ ಮೇಲೆ ಮಾಡುವ ವ್ಯಾಪಾರ. ಕೇಳುವ ಕೋಣೆಯಲ್ಲಿ ಕರಪತ್ರ ಬೇಡ, ಕಾಣಿಕೆ ಡಬ್ಬಿ ಬೇಡ, ಬಂದವರ ಹೆಸರನ್ನು ಸದಸ್ಯರ ಪಟ್ಟಿಗೆ ಸೇರಿಸುವುದೂ ಬೇಡ. ಅವರಾಗಿಯೇ ಜೊತೆಗೊಂದು ಪ್ರಾರ್ಥನೆ ಮಾಡಿ ಎಂದು ಕೇಳಿದರೆ ಖಂಡಿತ ಮಾಡಿ. ಕಂಗೆಟ್ಟವರಿಗೆ ಬಾಯಿಪಾಠವಾಗಿರುವ ನಾಲ್ಕು ಸಾಲು ಕೊಡುವ ಸಮಾಧಾನವನ್ನು ಹೊಸದಾಗಿ ಹುಡುಕಿದ ಯಾವ ಜಾಣ ಮಾತೂ ಕೊಡದು.

ಕೇಳಲು ಕೂರುವವರನ್ನು ನೋಡಿಕೊಳ್ಳುವ ಹೊಣೆಯೂ ನಿಮ್ಮದೇ. ದಿನವಿಡೀ ಬೇರೆಯವರ ದುಃಖ ಕೇಳಿದವರು ಅದನ್ನು ಮನೆಗೆ ಹೊತ್ತುಕೊಂಡು ಹೋಗದಂತೆ, ಸರದಿ ಮುಗಿದ ಕೂಡಲೇ ಒಬ್ಬ ಹಿರಿಯರ ಬಳಿ ಕುಳಿತು ಇಳಿಸಿ ಹೋಗುವ ವ್ಯವಸ್ಥೆ ಸಮಾರಿಟನ್ಸ್‌ನಂಥ ಕಡೆ ಇದೆ, ನಿಮ್ಮಲ್ಲೂ ಇರಲಿ. ಸರದಿಗಳು ಚಿಕ್ಕದಾಗಿರಲಿ. ಸ್ವಂತ ಮನೆಯಲ್ಲೇ ಸಾವುನೋವು ಕಂಡವರಿಗೆ ಕೆಲಕಾಲ ಬಿಡುವು ಕೊಡಿ. ಸೇವೆ ಮಾಡಿದರೆ ಮನಸ್ಸು ಹಗುರಾಗುತ್ತದೆಂದು ಅವರನ್ನು ಅಂದೇ ಕೂರಿಸಬೇಡಿ. ಇನ್ನೊಂದು ಮಾತು: ನಿಮ್ಮ ಅರ್ಚಕರು, ಪಾದ್ರಿಗಳು, ಮೌಲವಿಗಳು, ಭಿಕ್ಷುಗಳು, ಸಿಖ್ ಗುರುದ್ವಾರಗಳ ಗ್ರಂಥಿಗಳು ಕೂಡ ಮನುಷ್ಯರು. ಎಲ್ಲರ ಸಾವಿಗೂ ಹೋಗಿ ನಿಲ್ಲುವ ಅವರು ತಮ್ಮ ಕಷ್ಟವನ್ನು ಯಾರಿಗೆ ಹೇಳಿಕೊಳ್ಳುತ್ತಾರೆಂದು ಯಾವ ಆಡಳಿತ ಮಂಡಳಿಯಾದರೂ ಕೇಳಿದೆಯೇ? ಆ ಕೋಣೆಯ ಬಾಗಿಲು ಅವರಿಗೂ ತೆರೆದಿರಬೇಕು.

ಖರ್ಚಿನ ಮಾತು ಬಂದರೆ, ಒಂದು ಸಮಾರಂಭದ ಅಲಂಕಾರಕ್ಕೆ ಆಗುವಷ್ಟೂ ಇದಕ್ಕೆ ಬೇಕಾಗಲಾರದು. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ. ವಾರದಲ್ಲಿ ಯಾವ ದಿನಗಳು, ಯಾವ ಕೋಣೆ, ಮೊದಲಿಗೆ ಯಾರು ನಾಲ್ವರು, ತರಬೇತಿಗೆ ಯಾವ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕೇಳಬೇಕು ಎಂಬಷ್ಟನ್ನು ತೀರ್ಮಾನಿಸಿ. ಪ್ರಾರ್ಥನೆಯ ವೇಳೆ ಬರೆದಿರುವ ಫಲಕದಲ್ಲಿಯೇ ಕೇಳುವವರು ಇರುವ ವೇಳೆಯನ್ನೂ, ತುರ್ತು ಸಹಾಯವಾಣಿಯ ಸಂಖ್ಯೆಯನ್ನೂ ಬರೆಸಿ. ಮೊದಲ ಕೆಲವು ವಾರ ಯಾರೂ ಬರದಿದ್ದರೂ ಆ ವೇಳೆಗೆ ಬೇರೆ ಕಾರ್ಯಕ್ರಮ ಇಟ್ಟುಕೊಳ್ಳಬೇಡಿ.

ಗೌರವಪೂರ್ವಕ ವಂದನೆಗಳೊಂದಿಗೆ,
ಒಬ್ಬ ನಾಗರಿಕ